ಗಿಟಾರಿನ ಜೊತೆ ಶರೀಫ ಸಾಹೇಬರು

ಗುಡೇಮಾರನಹಳ್ಳಿಯಲ್ಲಿ ಮಾಗಡಿ ಬಸ್ಸಿಗೆ ಕಾದು ಕುಳಿತಿದ್ದೆವು. ಟೀ ಅಂಗಡಿಯ ಬೆಂಚಿನ ಆ ತುದಿಯಲ್ಲಿದ್ದ ಹುಡುಗನ ಮೊಬೈಲಿನಿಂದ ಗಿಟಾರು, ಪಿಟೀಲು, ಡ್ರಮ್ಮು ಬೆರೆತ ಹಾಡೊಂದು ಜೋರಾಗಿ ಬರುತ್ತಿತ್ತು. ಹುಡುಗ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದ. ‘ಲೋಕದ ಕಾಳಜಿ’. ನಮಗೂ ಪರಿಚಯದ ಹಾಡೇ. ಹೊತ್ತು ಹೋಗಲಿ ಎಂದು ಮಾತಿಗೆಳೆದೆವು.

“ಯಾರದಪ್ಪ ಈ ಹಾಡು?”

“ರಘು ದೀಕ್ಷಿತ್ ಅವ್ರದ್ದು ಸಾಬ್ರೆ.”

“ಹಾಡಿರೋರು ಅವ್ರು. ಬರ್ದಿರೋರು?”

“ಅವ್ರೇ ಇರ್ಬೇಕಲ್ವಾ?”

“ಅಲ್ಲಪ್ಪ. ಶಿಶುನಾಳ ಶರೀಫ ಸಾಹೇಬ್ರು. ತೀರಿಕೊಂಡು ನೂರು ವರ್ಷದ ಮೇಲಾಯ್ತು.”

ಹುಡುಗ ತಾಳ ನಿಲ್ಲಿಸಿ ನಮ್ಮ ಟೋಪಿಯನ್ನೂ ಗಡ್ಡವನ್ನೂ ನೋಡಿದ. “ನಿಮ್ಮವ್ರಾ?” ಎಂದ.

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವನ ಮುಖದಲ್ಲಿ ಬರೀ ಅಚ್ಚರಿಯಿತ್ತು. ಆದರೂ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೌದು ಎಂದರೆ ಅರ್ಧ ಸುಳ್ಳು, ಅಲ್ಲ ಎಂದರೆ ಪೂರ್ತಿ ಸುಳ್ಳು. ಅಷ್ಟರಲ್ಲಿ ಬಸ್ಸು ಬಂತು.

ಕನ್ನಡದ ರಾಕ್ ಆಲ್ಬಂಗಳ ಬಗ್ಗೆ ಬರೆಯಬೇಕೆಂದು ನಾವು ಅಂದುಕೊಂಡು ಬಹಳ ದಿನಗಳಾಗಿದ್ದವು. ಆ ಹುಡುಗನ ಪ್ರಶ್ನೆ ಕೊನೆಗೆ ಬರೆಯಲು ಕೂರಿಸಿತು. ನಾವು ಕಥೆ ಬರೆಯುವವರು, ಸ್ವರ ತಾಳಗಳ ಪಂಡಿತರಲ್ಲ. ಸಂಗೀತವೇ ಕೂಡದು ಎನ್ನುವವರೂ ಈ ಪುಟಗಳನ್ನು ಓದುತ್ತಾರೆಂಬುದು ನಮಗೆ ಗೊತ್ತು. ಆ ಚರ್ಚೆ ಹಳೆಯದು, ಇಲ್ಲಿ ಅದಕ್ಕೆ ಇಳಿಯುವುದಿಲ್ಲ. ನಾವು ಕೇಳಹೊರಟಿರುವುದು ಇಷ್ಟೇ: ಒಂದು ಹಳೆಯ ಪದ ಹೊಸ ವಾದ್ಯಗಳ ಜೊತೆ ಹೊರಟಾಗ ಅದರ ಊರು, ಹೆಸರು, ಅರ್ಥ ಎಷ್ಟು ದೂರದವರೆಗೆ ಜೊತೆಗೆ ಬರುತ್ತವೆ?

ಸಿನಿಮಾದ ಹಂಗಿಲ್ಲದ ಹಾಡುಗಳನ್ನು ದುಡ್ಡು ಕೊಟ್ಟು ಕೊಳ್ಳುವ ಅಭ್ಯಾಸ ಕನ್ನಡಿಗರಿಗೆ ಕ್ಯಾಸೆಟ್ಟಿನ ಕಾಲದಲ್ಲೇ ಆಗಿತ್ತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ‘ನಿತ್ಯೋತ್ಸವ’ವನ್ನು ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ. ಅದರ ಕವಿ ಕೆ.ಎಸ್. ನಿಸಾರ್ ಅಹಮದ್. ಆಮೇಲೆ ಸಿ. ಅಶ್ವಥ್ ಶರೀಫರ ಪದಗಳನ್ನು ಎತ್ತಿಕೊಂಡರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಗಳಲ್ಲೆಲ್ಲ ಅಶ್ವಥ್‌ರ ಆ ಒರಟು ಏರುದನಿಯೇ. ನಾವಾಗ ಉರ್ದು ಶಾಲೆಯ ಹುಡುಗರು. ಇಕ್ಬಾಲರ ನಜ್ಮ್‌ಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದೆವು. ಶರೀಫ ಎಂಬ ಹೆಸರಿನವರೊಬ್ಬರು ಕನ್ನಡದಲ್ಲಿ ಹಾಡಿದ್ದರು ಎಂಬುದನ್ನು ನಮಗೆ ಯಾವ ಮೌಲ್ವಿಯೂ ಮೇಷ್ಟರೂ ಹೇಳಲಿಲ್ಲ. ಹೇಳಿದ್ದು ಅಶ್ವಥ್.

ಈಗ ರಾಕ್‌ಗೆ ಬರೋಣ. ಮೈಸೂರಿನ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ತೂಗುಹಾಕಿಕೊಂಡು ಹಾಡುತ್ತಾರೆ. 2008ರ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಇದ್ದವು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಮತ್ತು ‘ಕೋಡಗನ ಕೋಳಿ ನುಂಗಿತ್ತ’ ಬಂದವು. ಇಂಗ್ಲೆಂಡಿನ ಸಂಗೀತೋತ್ಸವಗಳಲ್ಲಿ ಕನ್ನಡದ ಒಂದಕ್ಷರ ಗೊತ್ತಿಲ್ಲದವರೂ ಈ ಪದಗಳಿಗೆ ಕುಣಿದರು. ಇದು ಸಣ್ಣ ಕೆಲಸವಲ್ಲ. ಕನ್ನಡ ಹಾಡೆಂದರೆ ಸಿನಿಮಾ ಹಾಡು ಎಂದುಕೊಂಡಿದ್ದ ಬೆಂಗಳೂರಿನ ಕಾಲೇಜು ಹುಡುಗರು ಇವರಿಂದಲೇ ಶರೀಫರ ಮಾತುಗಳನ್ನು ಬಾಯಲ್ಲಿ ಆಡಿಸಿದರು. ಶರೀಫರ ಹೆಸರನ್ನು ದೀಕ್ಷಿತ್ ಮುಚ್ಚಿಟ್ಟವರೂ ಅಲ್ಲ, ವೇದಿಕೆಯಲ್ಲೂ ಸಂದರ್ಶನಗಳಲ್ಲೂ ಹೇಳಿಕೊಂಡು ಬಂದಿದ್ದಾರೆ.

ಆದರೂ ನಮ್ಮದೊಂದು ತಕರಾರಿದೆ. ಈ ನಾಲ್ಕೂ ಅಶ್ವಥ್‌ರ ಕಂಠದಲ್ಲಿ ಆಗಲೇ ಮನೆಮಾತಾದ ಪದಗಳು. ಬ್ಯಾಂಡು ಶರೀಫರ ಗಂಟಿಗೆ ಕೈ ಹಾಕಲೇ ಇಲ್ಲ, ಕ್ಯಾಸೆಟ್ಟಿನ ಗಂಟಿಗೆ ಹಾಕಿತು. ಶರೀಫರು ಮೊಹರಮ್ಮಿಗೆ ರಿವಾಯತ್ ಪದಗಳನ್ನೂ ಕಟ್ಟಿದವರು. ಉತ್ತರ ಕರ್ನಾಟಕದ ಅಲಾವಿ ಕುಣಿತದ ಆ ಹೆಜ್ಜೆ, ಗುಂಪು ಗುಂಪಾಗಿ ಎತ್ತಿಕೊಡುವ ಆ ಸೊಲ್ಲು, ರಾಕ್‌ನವನಿಗೆ ಇದಕ್ಕಿಂತ ಬೇರೆ ಏನು ಬೇಕು? ನಾವು ಕೇಳಿದ ಆಲ್ಬಂಗಳಲ್ಲಿ ಅವುಗಳ ಸುಳಿವಿಲ್ಲ. ‘ನಿಮ್ಮವ್ರಾ’ ಎಂಬ ಅಚ್ಚರಿ ಹುಟ್ಟುವುದು ಇಂಥ ಆಯ್ಕೆಯಿಂದಲೂ ಇರಬಹುದು.

ಇನ್ನು ಅರ್ಥದ ಮಾತು. ‘ಲೋಕದ ಕಾಳಜಿ’ ಒಂದು ಕೀಟಲೆಯ ಪದ. ಲೋಕದ ಚಿಂತೆಯನ್ನೆಲ್ಲ ಹೊರಲು ಹೊರಟವನಿಗೆ, ಹೊರಪ್ಪ, ಬೇಡ ಅಂದವರಾರು ಎಂದು ನಗುತ್ತಲೇ ಚುಚ್ಚುವುದು ಅದರ ವರಸೆ. ದೀಕ್ಷಿತರ ದನಿಯಲ್ಲಿ ಈ ನಗೆ ಉಳಿದುಕೊಂಡಿದೆ, ನಮಗೆ ಅವರ ನಾಲ್ಕರಲ್ಲಿ ಇದೇ ಮೆಚ್ಚು. ಅಶ್ವಥ್ ಬೈದಂತೆ ಹೇಳಿದ್ದನ್ನು ಇವರು ಹೆಗಲ ಮೇಲೆ ಕೈಹಾಕಿ ಹೇಳುತ್ತಾರೆ. ‘ಸೋರುತಿಹುದು’ ಕೂಡ ಕೆಡುವುದಿಲ್ಲ, ದೇಹವೆಂಬ ಮಾಳಿಗೆ ಸೋರುವ ದುಃಖಕ್ಕೆ ಎಷ್ಟು ಕಡಿಮೆ ವಾದ್ಯವಾದರೂ ಸಾಕು. ‘ಕೋಡಗನ ಕೋಳಿ’ ಮಾತ್ರ ನಮಗೆ ಒಗ್ಗಲಿಲ್ಲ. ಕೋಳಿ ಕೋತಿಯನ್ನು ನುಂಗುವ, ಒಂದರ ಮೇಲೊಂದು ತಲೆಕೆಳಗಾದ ಚಿತ್ರಗಳು ಮಕ್ಕಳ ಆಟದಂತೆ ಸಾಗಿ, ಕೊನೆಗೆ ಗುರುವಿನ ಪಾದವೇ ಹಾಡುವವನನ್ನು ನುಂಗಿಬಿಡುತ್ತದೆ. ಅಲ್ಲಿ ಉಸಿರು ಹಿಡಿಯಬೇಕು. ಅಲ್ಲೂ ಕುಣಿತದ ಹುರುಪು ಇಳಿಯದೆ ಹೋದರೆ ಆ ಪದ ಬರೀ ಮೋಜಿನ ಪಟ್ಟಿಯಾಗಿ ಉಳಿಯುತ್ತದೆ.

ದೀಕ್ಷಿತರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ದ ದಾರಿ ಬೇರೆ. ಅವರು ಹಳೆಯ ಪದಗಳಿಗೆ ಅಷ್ಟಾಗಿ ಜೋತು ಬೀಳದೆ ತಮ್ಮ ಕಾಲದ ಹಾಡನ್ನು ತಾವೇ ಕಟ್ಟುತ್ತಾರೆ. ರಾಮನಗರದ ಜಾನಪದ ಲೋಕದಲ್ಲಿ ಕೀಲುಕುದುರೆ ನೋಡಿದವರಿಗೆ ಇವರ ವೇದಿಕೆಯ ಮೇಲಿನ ಕುದುರೆ ಹೊಸದೆನಿಸದು. 2009ರ ಅವರ ಮೊದಲ ಆಲ್ಬಂನಲ್ಲಿ ಕನ್ನಡದ ‘ಈ ಭೂಮಿ’ ಇದೆ, ಕಾವೇರಿಯ ಜಗಳದ ಮೇಲೆ ‘ಪ್ಯಾಸಿ’ ಇದೆ. ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡ ನದಿಗೇ ಬಾಯಾರಿಕೆ ಎಂಬ ಕಲ್ಪನೆ ದೊಡ್ಡದು. ಆದರೆ ಕನ್ನಡ, ತಮಿಳು ಎರಡರಲ್ಲೂ ಅಳಬಲ್ಲ ನದಿ ಹಿಂದಿಯಲ್ಲಿ ಅಳುತ್ತದೆ! ಉರ್ದು ಬಲ್ಲ ನಮಗೆ ಅರ್ಥವೇನೋ ಆಯಿತು. ಆ ನೀರಿನ ಮೇಲೆ ಕಣ್ಣಿಟ್ಟು ಕೂತ ಮಂಡ್ಯದ ರೈತನಿಗೆ? ಕನ್ನಡದಲ್ಲಿ ಸಿನಿಮಾದಾಚೆಯ ಆಲ್ಬಂ ಕೊಳ್ಳುವವರು ಕಡಿಮೆ, ಮುಂಬೈ ದೆಹಲಿಗಳಲ್ಲಿ ಮಾರುಕಟ್ಟೆ ಇದೆ ಎಂಬ ಲೆಕ್ಕ ನಮಗೂ ತಿಳಿಯುತ್ತದೆ. ರಾಜಕಾರಣಿಗಳನ್ನು ಗೇಲಿ ಮಾಡುವ 2012ರ ‘ಟೋಪಿವಾಲೆ’ಯಲ್ಲಿ ಸಿಟ್ಟು, ನಗು ಎರಡೂ ಹದವಾಗಿವೆ. ಬ್ಯಾಂಡಾಗಿ ನಮಗೆ ಇವರು ಹೆಚ್ಚು ಗಟ್ಟಿ ಎನಿಸುತ್ತಾರೆ, ಭಾಷೆಯ ವಿಷಯದಲ್ಲಿ ಹೆಚ್ಚು ದೂರ.

ಭಾಷೆಯ ಈ ಗೊಣಗಾಟವನ್ನು ಫೋನಿನಲ್ಲಿ ಕೇಳಿದ ನಮ್ಮ ಆಪಾರ ಮಗ ಮೆಲ್ಬರ್ನಿನಿಂದ ಒಂದು ಆಲ್ಬಂ ಕಳಿಸಿದ. “ಮಾಮು, ಇದನ್ನು ಕೇಳಿ, ಆಮೇಲೆ ಬಯ್ಯಿರಿ” ಎಂದ. ಬ್ಯಾಂಡಿನ ಹೆಸರು ‘ಕಿಂಗ್ ಸ್ಟಿಂಗ್‌ರೇ’. ಸ್ಟಿಂಗ್‌ರೇ ಎಂದರೆ ನಮ್ಮ ಕರಾವಳಿಯವರ ತೊರಕೆ ಮೀನು. ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನಮ್ ಲ್ಯಾಂಡಿನಲ್ಲಿ ಯೋಲಂಗು ಎಂಬ ಮೂಲನಿವಾಸಿಗಳಿದ್ದಾರೆ. ಅಲ್ಲಿನ ಯಿರ್ಕಲಾ ಎಂಬ ಊರಿನ ಹುಡುಗರು ಕಟ್ಟಿದ ಬ್ಯಾಂಡಿದು. ಬ್ಯಾಂಡಿನ ಹೆಸರನ್ನೇ ಹೊತ್ತ ಇವರ ಮೊದಲ ಆಲ್ಬಂ 2022ರಲ್ಲಿ ಬಂದು, ಆ ವರ್ಷದ ‘ಆಸ್ಟ್ರೇಲಿಯನ್ ಮ್ಯೂಸಿಕ್ ಪ್ರೈಜ್’ ಪಡೆಯಿತು. ಗಿಟಾರು, ಡ್ರಮ್ಮುಗಳ ನಡುವೆ ಯಿಡಕಿ ಎಂಬ ಉದ್ದನೆಯ ಮರದ ಕೊಳವೆ ಗುಂಯ್‌ಗುಡುತ್ತದೆ, ಬಿಲ್ಮ ಎಂಬ ಕೋಲುಗಳು ತಾಳ ಹಾಕುತ್ತವೆ. ಹಾಡು ಅರ್ಧ ಇಂಗ್ಲಿಷ್, ಅರ್ಧ ಅವರ ನುಡಿ.

ಈ ಹುಡುಗರ ಹಿಂದೆ ಒಂದು ಮನೆತನವಿದೆ. ಗಾಯಕ ಯಿರ್ಂಗಾ ಯುನುಪಿಂಗುವಿನ ಬಂಧು ಮಂಡವುಯ್ ಯುನುಪಿಂಗು ‘ಯೋಥು ಯಿಂಡಿ’ ಬ್ಯಾಂಡಿನ ಹಾಡುಗಾರನಾಗಿದ್ದ, ಊರ ಶಾಲೆಯ ಮುಖ್ಯೋಪಾಧ್ಯಾಯನೂ ಆಗಿದ್ದ. (ಶರೀಫರೂ ಕೆಲಕಾಲ ಶಾಲೆಯ ಮೇಷ್ಟರಾಗಿದ್ದರು ಎಂಬುದು ನೆನಪಾಯಿತು.) ಗಿಟಾರಿನ ರಾಯ್ ಕೆಲ್ಲವೇ ಬಿಳಿಯ, ಅವನ ತಂದೆಯೂ ಅದೇ ಹಳೆಯ ಬ್ಯಾಂಡಿನವನು. ಮೂಲನಿವಾಸಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವೆವೆಂದು ಅಲ್ಲಿನ ಪ್ರಧಾನಿ 1988ರಲ್ಲಿ ಕೊಟ್ಟ ಮಾತು ಮಾತಾಗಿಯೇ ಉಳಿದಾಗ, 1991ರಲ್ಲಿ ‘ಟ್ರೀಟಿ’ ಎಂಬ ಹಾಡು ಮಾಡಿ ಇಡೀ ದೇಶದ ರೇಡಿಯೋದಲ್ಲಿ ಅದನ್ನು ನೆನಪಿಸಿದವರು ಯೋಥು ಯಿಂಡಿಯವರು. ದೇಶಮಟ್ಟದ ಅಂಥ ಒಪ್ಪಂದ ಇಂದಿಗೂ ಆಗಿಲ್ಲ.

ಯೋಲಂಗುಗಳಲ್ಲಿ ಮನಿಕಾಯ್ ಎಂಬ ಹಾಡುಗಳಿವೆ. ಅವು ಒಂದೊಂದು ಕುಲಕ್ಕೆ, ಒಂದೊಂದು ನೆಲಕ್ಕೆ ಸೇರಿದವು. ಯಾರು ಹಾಡಬಹುದು ಎಂಬುದಕ್ಕೆ ಹಕ್ಕಿನ ಲೆಕ್ಕವಿದೆ, ಜಮೀನಿನ ಪಹಣಿ ಇದ್ದಂತೆ. ಆದ್ದರಿಂದ ಕಿಂಗ್ ಸ್ಟಿಂಗ್‌ರೇ ಎಷ್ಟೇ ಅಬ್ಬರಿಸಲಿ, ಹಾಡು ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ‘ಗೆಟ್ ಮಿ ಔಟ್’ನಲ್ಲಿ ಪಟ್ಟಣದಲ್ಲಿ ಉಸಿರುಕಟ್ಟಿದವನು ತನ್ನ ಊರಿಗೆ ಹಂಬಲಿಸುತ್ತಾನೆ, ‘ಕ್ಯಾಂಪ್ ಡಾಗ್’ನಲ್ಲಿ ಹಟ್ಟಿಯ ನಾಯಿಯ ಮೇಲೇ ಹಾಡಿದೆ. 2024ರ ಎರಡನೆಯ ಆಲ್ಬಂ ‘ಫಾರ್ ದ ಡ್ರೀಮ್ಸ್’ ನಮಗೆ ಅಷ್ಟು ಹಿಡಿಸಲಿಲ್ಲ. ಚಂಡಮಾರುತದ ಮೇಲಿನ ಹಾಡೊಂದನ್ನು ಬಿಟ್ಟರೆ ಅಲ್ಲಿ ನುಣುಪು ಹೆಚ್ಚಾಗಿದೆ, ಕೆಲವು ಹಾಡುಗಳನ್ನು ಯಾವ ಸಮುದ್ರತೀರದ ಬ್ಯಾಂಡಾದರೂ ಹಾಡಬಹುದಿತ್ತು. ಹೆಸರು ಬಂದ ಮೇಲೆ ವಿಳಾಸ ಮಸುಕಾಗುವುದು ಅವರಿಗೂ ತಪ್ಪಿದ್ದಲ್ಲವೇನೋ.

ಶರೀಫರ ಪದಗಳಿಗೆ ಪಹಣಿ ಇಲ್ಲ. ಯಾರೂ ಹಾಡಬಹುದು, ಹಾಗೆ ಹಾಡಿದ್ದರಿಂದಲೇ ಅವು ಉಳಿದವು. ಆದರೆ ವಿಳಾಸವಂತೂ ಇದೆ. ಅವರು ಅಂಕಿತದಲ್ಲಿ ತಮ್ಮ ಹೆಸರನ್ನು ಇಟ್ಟುಕೊಳ್ಳಲಿಲ್ಲ, ‘ಶಿಶುನಾಳಧೀಶ’ ಎಂದು ಊರ ದೇವರನ್ನು ಇಟ್ಟರು. ಜೊತೆಗೆ ಗುರು ಗೋವಿಂದ ಭಟ್ಟರನ್ನು ಕರೆದರು. ಇಮಾಮ್ ಸಾಹೇಬರ ಮಗ, ಬ್ರಾಹ್ಮಣ ಗುರು, ಲಿಂಗಾಯತರ ಊರಿನ ಬಸವಣ್ಣ, ಮೊಹರಮ್ಮಿನ ಪದ, ಇಷ್ಟೂ ಒಂದೇ ಬದುಕಿನ ಒಳಗೆ. ಬ್ಯಾಂಡಿನ ಅಬ್ಬರದಲ್ಲಿ ಆ ಅಂಕಿತ ಬರುವ ಹೊತ್ತಿಗೆ ಕೇಳುಗ ಕುಣಿಯುತ್ತಿರುತ್ತಾನೆ. ಕ್ಯಾಸೆಟ್ಟಿನ ಕಾಲದಲ್ಲಿ ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ ‘ರಚನೆ’ ಎಂದು ಹೆಸರು ಅಚ್ಚಾಗಿರುತ್ತಿತ್ತು. ಈಗ ಮೊಬೈಲಿನ ಪರದೆಯ ಮೇಲೆ ಹಾಡುವವರ ಚಿತ್ರ ದೊಡ್ಡದಾಗಿ ಬರುತ್ತದೆ, ಬರೆದವರ ಹೆಸರು ಎರಡು ಮೂರು ಕಡೆ ಒತ್ತಿ ಹುಡುಕಿದರೆ ಸಿಕ್ಕೀತು. ಹುಡುಕುವ ಪುರುಸೊತ್ತು ಯಾರಿಗಿದೆ?

ಬ್ಯಾಂಡುಗಳನ್ನಷ್ಟೇ ದೂರಿದರೆ ನಮ್ಮ ಮುಖಕ್ಕೆ ನಾವೇ ಪರದೆ ಎಳೆದುಕೊಂಡಂತೆ. ನಮ್ಮ ಮನೆಗಳಲ್ಲಿ ಶರೀಫರನ್ನು ಓದುವವರು ಎಷ್ಟು ಜನ? ಅವರಿಗೆ ಜನಿವಾರ ಹಾಕಿದ ಕತೆ ಕೇಳಿ ಒಂದಷ್ಟು ಮಂದಿ ನಮ್ಮವರಲ್ಲ ಎಂದು ಕೈಬಿಟ್ಟರು. ಇನ್ನೊಂದಷ್ಟು ಮಂದಿಗೆ ಕನ್ನಡದಲ್ಲಿ ಹಾಡಿದ್ದೇ ಅಡ್ಡಿಯಾಯಿತು. ನಾವು ಬಿಟ್ಟದ್ದನ್ನು ದೀಕ್ಷಿತರ ಮನೆಯ ಹುಡುಗ ಎತ್ತಿಕೊಂಡು ಲಂಡನ್ನಿನವರೆಗೆ ಹೊತ್ತ. ಹೊರುವಾಗ ಒಂದೆರಡು ಸಾಮಾನು ದಾರಿಯಲ್ಲಿ ಬಿದ್ದಿದ್ದರೆ ಅದನ್ನು ಹೇಳುವುದು ವಿಮರ್ಶೆಯ ಕೆಲಸ. ಆದರೆ ಹೊರಲು ನಾವು ಹೆಗಲು ಕೊಟ್ಟಿರಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಎರಡು ವಾರದ ಮೇಲೆ ಅದೇ ಟೀ ಅಂಗಡಿಯಲ್ಲಿ ಆ ಹುಡುಗ ಮತ್ತೆ ಸಿಕ್ಕ. ನಮ್ಮನ್ನು ಕಂಡವನೇ, “ಸಾಬ್ರೆ, ಅಶ್ವಥ್ ಹಾಡಿರೋದೂ ಕೇಳ್ದೆ. ಇದ್ರಷ್ಟು ಸ್ಪೀಡ್ ಇಲ್ಲ. ಮಾತು ಮಾತ್ರ ಬಿಡಿಬಿಡಿಯಾಗಿ ಕೇಳುತ್ತೆ” ಎಂದ. ವಿಮರ್ಶೆಯೆಂದರೆ ಇನ್ನೇನು! ಆಮೇಲೆ ಸ್ವಲ್ಪ ಸಂಕೋಚದಿಂದ, “ಗುಡುಗುಡಿ ಅಂದ್ರೇನು?” ಎಂದು ಕೇಳಿದ. ಐದು ವರ್ಷದಿಂದ ಗಣೇಶನ ಹಬ್ಬದಲ್ಲಿ ಆ ಹಾಡಿಗೆ ಕುಣಿಯುತ್ತಿದ್ದಾನಂತೆ.

ನೀರಿನ ಬುರುಡೆ, ಮೇಲೆ ಚಿಲುಮೆ, ಎಳೆದರೆ ಗುಡುಗುಡು ಸದ್ದು ಎಂದು ಕೈಯಲ್ಲೇ ತೋರಿಸಿದೆವು. ಶರೀಫರು ಅದರಲ್ಲಿ ಮನಸ್ಸನ್ನು ಸಂಚಿ ಮಾಡಿ, ಮೋಹವನ್ನು ಕೊಚ್ಚಿ ತುಂಬಿ, ಒಳಗಿನ ರೋಗ ಹೋಗುವಂತೆ ಸೇದು ಎನ್ನುತ್ತಾರೆ, ಹೊಗೆಸೊಪ್ಪಿನ ಮಾತಲ್ಲ ಅದು ಎಂದೆವು. ಅಂಗಡಿಯಾತ ಹಾಲು ಕಾಯಿಸುತ್ತಿದ್ದವನು ತಿರುಗಿ, “ನಮ್ ತಾತನ ಹತ್ರ ಇತ್ತು ಕಣೋ. ಅಟ್ಟದ ಮೇಲೆ ಈಗ್ಲೂ ಇರ್ಬೇಕು” ಎಂದ.

“ತೋರ್ಸಣ್ಣ ಒಂದಿನ” ಎಂದ ಹುಡುಗ.