ಮೂರ್ಛೆರೋಗದಲ್ಲಿ ರಕ್ತನಾಳದ ಪಾಲು

ತಲೆಗೆ ಬಲವಾದ ಪೆಟ್ಟು ಬಿದ್ದವರು ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ. ತಿಂಗಳುಗಳು ಕಳೆದ ಮೇಲೆ ಅವರಲ್ಲಿ ಕೆಲವರಿಗೆ ಫಿಟ್ಸ್ ಶುರುವಾಗುತ್ತದೆ. ನಡುವಿನ ಅವಧಿಯಲ್ಲಿ ಮಿದುಳಿನೊಳಗೆ ಏನು ನಡೆಯುತ್ತದೆ? ನಮ್ಮ ಮಾತ್ರೆಗಳು ಬಂದ ಫಿಟ್ಸನ್ನು ಹತೋಟಿಗೆ ತರುತ್ತವೆ, ಅದೂ ಮೂವರಲ್ಲಿ ಸುಮಾರು ಇಬ್ಬರಿಗೆ. ಬರಲಿರುವ ಕಾಯಿಲೆಯನ್ನೇ ತಪ್ಪಿಸುತ್ತದೆಂದು ಸಾಬೀತಾದ ಮಾತ್ರೆ ಇನ್ನೂ ಇಲ್ಲ. ಇಸ್ರೇಲಿನ ಆಲೋನ್ ಫ್ರೀಡ್ಮನ್, ಬರ್ಲಿನ್ನಿನ ಉವೆ ಹೈನೆಮನ್ ಮತ್ತು ಸಂಗಡಿಗರ ವಾದಕ್ಕೆ ಬೆಲೆ ಬರುವುದು ಇಲ್ಲೇ. ಅವರು ನರಕೋಶದಿಂದ ರಕ್ತನಾಳದ ಕಡೆಗೆ ಗಮನ ತಿರುಗಿಸಿದರು.

ಮಿದುಳಿನ ಅತಿಸಣ್ಣ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಇಳಿಯದಂತೆ ಕಾಯುವ ಈ ಏರ್ಪಾಡೇ ರಕ್ತ-ಮಿದುಳು ತಡೆ. 2004ರಲ್ಲಿ ಈ ಗುಂಪು ಇಲಿಗಳ ಮಿದುಳಿನ ಒಂದು ಚಿಕ್ಕ ಜಾಗದಲ್ಲಿ ಪಿತ್ತಲವಣ ಹಾಕಿ ತಡೆಯನ್ನು ತೆರೆಯಿತು. ದಿನಗಳು ಕಳೆದಂತೆ ಅಲ್ಲಿ ಅಪಸ್ಮಾರದಂಥ (ಮೂರ್ಛೆರೋಗದಂಥ) ವಿದ್ಯುತ್ ಚಟುವಟಿಕೆ ಹುಟ್ಟಿತು. 2007ರ ಪ್ರಯೋಗ ದಾರಿಯನ್ನೂ ತೋರಿಸಿತು: ರಕ್ತದಿಂದ ಸೋರಿದ ಆಲ್ಬುಮಿನ್ ಪ್ರೋಟೀನು ಟಿಜಿಎಫ್-ಬೀಟಾ ಎಂಬ ಸಂಕೇತ-ಪ್ರೋಟೀನಿನ ಗ್ರಾಹಕಗಳ ಮೂಲಕ ನರಕೋಶಗಳಿಗೆ ಆಸರೆಯಾದ ಆಸ್ಟ್ರೊಸೈಟ್‌ಗಳನ್ನು ಸೇರುತ್ತದೆ, ಆಮೇಲೆ ಆ ಕೋಶಗಳು ಹೊರಗೆ ಶೇಖರವಾಗುವ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೀರಲಾರವು, ಸುತ್ತಲಿನ ನರಕೋಶಗಳು ಸುಲಭವಾಗಿ ಉದ್ರೇಕಗೊಳ್ಳುತ್ತವೆ. ಸೋರಿಕೆಗೂ ಕಾಯಿಲೆಗೂ ನಡುವೆ ಕಾಲ ಏಕೆ ಹಿಡಿಯುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದು ಇಲಿಯ ಮಾತಾಯಿತು, ಮನುಷ್ಯರಲ್ಲಿ? ಮಿದುಳಿನ ಲಿಂಫೋಮಾ ರೋಗಿಗಳಿಗೆ ಔಷಧಿ ಒಳಗಿಳಿಯಲೆಂದು ಮ್ಯಾನಿಟಾಲ್ ಕೊಟ್ಟು ತಡೆಯನ್ನು ಬೇಕೆಂದೇ ತೆರೆಯುವ ಪದ್ಧತಿಯೊಂದಿದೆ. ಹಾಗೆ ತೆರೆದ ಸಂದರ್ಭಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದರಲ್ಲಿ ಕೂಡಲೇ ಫಿಟ್ಸ್ ಬಂದದ್ದು 2007ರಲ್ಲೇ ವರದಿಯಾಯಿತು. ಬಲವಾದ ಸಾಕ್ಷ್ಯ. ಆದರೆ ಇದು ತಕ್ಷಣದ ಫಿಟ್ಸ್, ತಿಂಗಳುಗಳ ಮೇಲೆ ನೆಲೆಯೂರುವ ಕಾಯಿಲೆಯಲ್ಲ. ಎರಡನ್ನೂ ಒಂದೇ ಎಂಬಂತೆ ಉಲ್ಲೇಖಿಸುವುದನ್ನು ನಾನು ಒಪ್ಪಲಾರೆ. ಫಿಟ್ಸ್ ಬಂದಾಗಲೂ ತಡೆ ಸಡಿಲವಾಗುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ರೋಗಿಯಲ್ಲಿ ಬಿಡಿಸಿ ಹೇಳುವುದು ಕಷ್ಟ.

ವಾದದ ದೊಡ್ಡ ಕೊರತೆ ಬೇರೆಯೇ ಇದೆ. ಅದು ತಡೆಯಲ್ಲಿ ಸೋರಿಕೆಯನ್ನಷ್ಟೇ ಕಾಣುತ್ತದೆ. 1991ರಲ್ಲಿ ಡಾರಿಲ್ ಡಿ ವಿವೊ ಮತ್ತು ಸಹೋದ್ಯೋಗಿಗಳು ವಿವರಿಸಿದ, ಫಿಟ್ಸ್ ಬರುತ್ತಿದ್ದ ಮಕ್ಕಳ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಮಿದುಳು-ಬೆನ್ನುಹುರಿಯ ದ್ರವದಲ್ಲಿ ಮಾತ್ರ ಕಡಿಮೆ. ಗ್ಲೂಕೋಸನ್ನು ತಡೆಯಾಚೆ ದಾಟಿಸುವ ಗ್ಲುಟ್-1 ಪ್ರೋಟೀನಿನ ದೋಷ ಅದು. ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರದಿಂದ ಇಂಥ ಮಕ್ಕಳ ಫಿಟ್ಸ್ ತಗ್ಗುತ್ತದೆ, ಏಕೆಂದರೆ ಕೊಬ್ಬಿನಿಂದ ಹುಟ್ಟುವ ಕೀಟೋನುಗಳು ಬೇರೆ ವಾಹಕದ ಮೂಲಕ ಒಳಸೇರಿ ಮಿದುಳಿಗೆ ಇಂಧನವಾಗುತ್ತವೆ. ಇಲ್ಲಿ ಬೇಡದ್ದು ನುಗ್ಗಿದ್ದರಿಂದ ಅಲ್ಲ, ಬೇಕಾದದ್ದು ಬಾರದೆ ಕಾಯಿಲೆ. ಅಯಾನು ವಾಹಿನಿಗಳ ಜೀನಿನಲ್ಲೇ ದೋಷವಿರುವ ಡ್ರಾವೆಯಂಥ ಅಪಸ್ಮಾರಗಳ ಮೂಲವೂ ಸೋರಿಕೆಯಲ್ಲ.

ಆದ್ದರಿಂದ ಈ ವಾದವನ್ನು ಗಾಯ, ಪಾರ್ಶ್ವವಾಯು, ಸೋಂಕುಗಳ ನಂತರದ ಅಪಸ್ಮಾರಕ್ಕೆ ಸೀಮಿತಗೊಳಿಸಿದರೇ ಅದಕ್ಕೆ ನ್ಯಾಯ. ಆ ಮಿತಿಯೊಳಗೆ ಅದು ಪ್ರಯೋಗಕ್ಕೂ ಒದಗುತ್ತದೆ. ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವ ಬಿ.ಪಿ. ಮಾತ್ರೆ ಲೊಸಾರ್ಟಾನ್ ಟಿಜಿಎಫ್-ಬೀಟಾ ಸಂಕೇತವನ್ನು ತಗ್ಗಿಸಿ ಇಲಿಗಳಲ್ಲಿ ಅಪಸ್ಮಾರ ಬೆಳೆಯುವುದನ್ನು ಬಹುಮಟ್ಟಿಗೆ ತಡೆಯಿತು ಎಂದು 2014ರ ಅಧ್ಯಯನ ಹೇಳಿತು. ಮನುಷ್ಯರಲ್ಲಿ ಇದನ್ನು ಪರೀಕ್ಷಿಸಲು ಭಾರತಕ್ಕಿಂತ ತಕ್ಕ ಜಾಗ ಅಪರೂಪ. ಲಾಡಿಹುಳುವಿನ ಮರಿ ಮಿದುಳು ಸೇರಿ, ಸತ್ತು, ಸುಣ್ಣಗಟ್ಟಿದ ಗಂಟುಗಳಿಂದ ಫಿಟ್ಸ್ ಬರುವವರು ಇಲ್ಲಿ ಬಹಳ. ಅಂಥ ರೋಗಿಗಳಲ್ಲಿ ಫಿಟ್ಸ್ ಮರುಕಳಿಸಿದಾಗ ಸುಮಾರು ಅರ್ಧದಷ್ಟು ಜನರ ಗಂಟಿನ ಸುತ್ತ ಊತ ಇದ್ದದ್ದನ್ನು ಪೆರುವಿನ ಅಧ್ಯಯನವೊಂದು ಗುರುತಿಸಿದೆ. ಆ ಊತ ಸೋರಿಕೆಯ ಗುರುತಾಗಿರಬಹುದು; ಎಲ್ಲಿ ಸೋರುತ್ತಿದೆ ಎಂಬುದನ್ನು ಇವರಲ್ಲಿ ಎಂಆರ್‌ಐ ನೋಡಿ ಹೇಳಬಹುದು. ಆ ಜಾಗಗಳನ್ನು ವರ್ಷಗಟ್ಟಲೆ ಬಿಡದೆ ಗಮನಿಸುವ ಕೆಲಸ ನಮ್ಮ ನರರೋಗ ವಿಭಾಗಗಳಿಂದ ಆಗಬೇಕು.