ಆಟದ ಟೇಪುಗಳು ಮತ್ತು ನಮ್ಮ ಹೋಲಿಕೆಗಳು

ಯಕ್ಷಗಾನದ ಕುರಿತು ನಮ್ಮಲ್ಲಿ ಬರೆಹ ಕಡಿಮೆಯೇನಲ್ಲ. ಪಾರ್ತಿಸುಬ್ಬನ ಕಾಲ, ದೇಶ, ಕರ್ತೃತ್ವಗಳ ಬಗ್ಗೆ ವಿದ್ವಾಂಸರು ಜಗಳವಾಡಿದ್ದಾರೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ. ಆದರೆ ಆಟವನ್ನು, ಕೂಟವನ್ನು ನಮ್ಮ ತಲೆಮಾರು ಟೇಪ್ ರೆಕಾರ್ಡರಿನಲ್ಲಿ ಹೇಗೆ ಕೇಳಿತು, ಹಾಗೆ ಕೇಳಿದ್ದರಿಂದ ನಮ್ಮ ಕಿವಿಗೆ ಏನಾಯಿತು ಎಂಬ ಬಗ್ಗೆ ನಾನು ಓದಿದ್ದು ಕಡಿಮೆ. ನಾನು ವಿದ್ವಾಂಸನಲ್ಲ. ಟೇಪು ಕೇಳಿ ಕೇಳಿ ವಾದ ಮಾಡಿದ ಒಬ್ಬ ಅಭಿಮಾನಿ ಅಷ್ಟೆ. ಆ ವಾದಗಳಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದಲೇ ಈ ಬರೆಹ ಹುಟ್ಟಿದೆ.

1987ರಲ್ಲಿ ನಾನು ಕೆಲಸಕ್ಕೆಂದು ಗೋವೆಯ ಕೊರ್ತಾಲಿಮ್‌ಗೆ ಬಂದೆ. ಜುವಾರಿ ನದಿಯ ದಕ್ಷಿಣ ದಡದ ಊರು. ಸೇತುವೆ 1983ರಲ್ಲೇ ಆಗಿತ್ತು. ಕೊಂಕಣ ರೈಲು ಆಗ ಕನಸಿನಲ್ಲೂ ಇರಲಿಲ್ಲ. ಊರಿಗೆ ಹೋಗುವುದೆಂದರೆ ಒಂದು ರಾತ್ರಿ, ಒಂದು ಹಗಲು ಬಸ್ಸಿನ ಪ್ರಯಾಣ. ಕೊರ್ತಾಲಿಮಿನ ಸರ್ಕಲಿನಲ್ಲಿ ಹಾದುಹೋಗುವ ಹೆದ್ದಾರಿಯೇ ಮುಂದೆ ಮಂಜೇಶ್ವರ, ಕುಂಬಳೆ, ಕಾಸರಗೋಡಿಗೂ ಹೋಗುತ್ತದೆ ಎಂಬುದು ನಮಗೆ ಒಂದು ಸಮಾಧಾನ. ಆ ಸುತ್ತಿನಲ್ಲಿ ಕನ್ನಡಿಗರು ಬೇಕಾದಷ್ಟು ಇದ್ದರೂ ಹೆಚ್ಚಿನವರು ಉತ್ತರ ಕರ್ನಾಟಕದವರು. ಅವರಿಗೆ ಡೊಳ್ಳು, ಭಜನೆ, ಬಯಲುಸೀಮೆಯ ದೊಡ್ಡಾಟ. ಯಕ್ಷಗಾನದ ಹುಚ್ಚಿನವರು ನಾವು ಐದಾರು ಮಂದಿ. ಭಾನುವಾರ ನನ್ನ ಬಾಡಿಗೆ ಕೋಣೆಯಲ್ಲಿ ಸೇರುವುದು, ಊರಿಗೆ ಹೋಗಿ ಬಂದವನು ತಂದ ಕ್ಯಾಸೆಟುಗಳನ್ನು ಹಾಕುವುದು, ಸಿಕ್ಕಿಕೊಂಡ ರೀಲನ್ನು ಪೆನ್ಸಿಲಿನಿಂದ ಸುತ್ತುವುದು. ಇದೇ ನಮ್ಮ ಆಟ, ಇದೇ ನಮ್ಮ ಕೂಟ.

ಕ್ಯಾಸೆಟುಗಳಲ್ಲಿ ಎರಡು ಜಾತಿ. ಅಂಗಡಿಯಲ್ಲಿ ಸಿಗುತ್ತಿದ್ದವು ಒಂದು ಬಗೆ: ಸ್ಟುಡಿಯೋದಲ್ಲಿ ಕುಳಿತು ಹಾಡಿದ್ದು, ಸ್ವಚ್ಛವಾದ ಧ್ವನಿ, ಅರುವತ್ತು ಅಥವಾ ತೊಂಬತ್ತು ನಿಮಿಷಕ್ಕೆ ಸರಿಯಾಗಿ ಕತ್ತರಿಸಿದ ಪ್ರಸಂಗ. ಇನ್ನೊಂದು, ಆಟದ ರಂಗಸ್ಥಳದ ಬದಿಯಲ್ಲಿ, ಕೂಟದ ಚಾವಡಿಯಲ್ಲಿ ಯಾರೋ ಅಭಿಮಾನಿ ತಾನೇ ತುಂಬಿಸಿಕೊಂಡದ್ದು. ಅದರಲ್ಲಿ ಕೆಮ್ಮು, ಮಕ್ಕಳ ಅಳು, ಜನರೇಟರಿನ ಗುಂಯ್ ಶಬ್ದ, ಕಡಲೆ ಮಾರುವವನ ಕೂಗು ಎಲ್ಲವೂ ಇರುತ್ತಿತ್ತು. ನಮಗೆ ಪ್ರಿಯವಾದದ್ದು ಈ ಎರಡನೆಯದೇ. ಬಲಿಪ ನಾರಾಯಣ ಭಾಗವತರಂತಹವರು ಐದು ರಾತ್ರಿ ಆಡುವಷ್ಟು ದೊಡ್ಡ ದೇವಿ ಮಹಾತ್ಮೆಯನ್ನು ಬರೆದು ಹಾಡಿದ ಕಲೆ ಇದು. ಅದನ್ನು ಅರುವತ್ತು ನಿಮಿಷಕ್ಕೆ ಇಳಿಸಿದಾಗ ಪದ ಉಳಿಯುತ್ತದೆ, ರಾತ್ರಿ ಉಳಿಯುವುದಿಲ್ಲ ಎಂಬುದು ನಮ್ಮ ವಾದ. ಇಂದಿಗೂ ಆ ವಾದ ತಪ್ಪೆಂದು ನನಗೆ ಅನಿಸಿಲ್ಲ.

ಹೋಲಿಕೆಯಿಂದ ನಮಗೆ ಸಿಕ್ಕಿದ್ದನ್ನು ಮೊದಲು ಹೇಳಬೇಕು. ಒಂದೇ ಪದವನ್ನು ಬಲಿಪರ ಧಾಟಿಯಲ್ಲೂ ದಾಮೋದರ ಮಂಡೆಚ್ಚರ ಧಾಟಿಯಲ್ಲೂ ಕೇಳಿದಾಗ, ಹಳೆಯ ತೆಂಕುತಿಟ್ಟಿನ ನೇರವಾದ ಗಟ್ಟಿ ಎತ್ತುಗೆ ಯಾವುದು, ಶಾಸ್ತ್ರೀಯ ಸಂಗೀತದ ಬೆಡಗು ಎಲ್ಲಿ ಸೇರಿತು ಎಂಬುದು ಯಾರೂ ಹೇಳಿಕೊಡದೆಯೇ ಕಿವಿಗೆ ತಿಳಿಯಿತು. ಬಡಗಿನ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ ತೀರಿಕೊಂಡಾಗ, ಅವರ ಆಟವನ್ನು ಒಮ್ಮೆಯೂ ನೋಡದಿದ್ದ ನಮ್ಮಲ್ಲಿ ಇಬ್ಬರು ಆ ಟೇಪಿನ ಮುಂದೆ ಕುಳಿತು ಅತ್ತರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಬೇರೆ ಬೇರೆ ಕೂಟಗಳ ಟೇಪಿನಲ್ಲಿ ಕೇಳಿದಾಗಲಂತೂ, ಅರ್ಥಗಾರಿಕೆಯೆಂದರೆ ಬಾಯಿಪಾಠವಲ್ಲ, ಎದುರು ಕುಳಿತವನ ಮಾತಿಗೆ ಆ ಕ್ಷಣದಲ್ಲಿ ಹುಟ್ಟುವ ಉತ್ತರ ಎಂಬುದು ಮನದಟ್ಟಾಯಿತು. ಒಂದು ರಾತ್ರಿಯನ್ನಷ್ಟೇ ನೋಡಿದವನಿಗೆ ಇದು ತಿಳಿಯುವುದು ಕಷ್ಟ. ಆದ್ದರಿಂದ ಹೋಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ.

ಇಂತಹ ಹುಚ್ಚು ನಮಗೆ ಮಾತ್ರ ಎಂದುಕೊಂಡಿದ್ದೆವು. ಪಕ್ಕದ ಮನೆಯ ಗೋವೆಯ ಹುಡುಗನೊಬ್ಬ, ಮದುವೆಗಳಲ್ಲಿ ಗಿಟಾರು ಬಾರಿಸುವವನು, ಒಂದು ಭಾನುವಾರ ಬಾಗಿಲಲ್ಲಿ ನಿಂತು ನಮ್ಮ ಜಗಳ ಕೇಳಿ ನಕ್ಕ. “ಅಂಕಲ್, ನಾವೂ ಹೀಗೆಯೇ” ಎಂದ. ಅಮೇರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ವಿಷಯ ನಾನು ಮೊದಲು ಕೇಳಿದ್ದು ಅವನಿಂದ. ಆ ತಂಡದವರು ಒಂದು ಹಾಡನ್ನು ಒಂದು ರಾತ್ರಿ ಹಾಡಿದಂತೆ ಇನ್ನೊಂದು ರಾತ್ರಿ ಹಾಡುತ್ತಿರಲಿಲ್ಲ. ಅಭಿಮಾನಿಗಳು ಪ್ರತಿ ರಾತ್ರಿಯನ್ನೂ ಟೇಪು ಮಾಡಿ, ಹಣ ಪಡೆಯದೆ ಪರಸ್ಪರ ಬದಲಾಯಿಸಿಕೊಳ್ಳುತ್ತಿದ್ದರು. 1984ರಿಂದ ತಂಡದವರೇ ಟೇಪು ಮಾಡುವವರಿಗೆಂದು ಸಭೆಯಲ್ಲಿ ಪ್ರತ್ಯೇಕ ಜಾಗ ಬಿಟ್ಟುಕೊಟ್ಟರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅವರ ಕಛೇರಿಯೇ ಎಲ್ಲಕ್ಕಿಂತ ಶ್ರೇಷ್ಠವೆಂದು ಒಂದು ಪಂಗಡ, ಅಲ್ಲವೆಂದು ಇನ್ನೊಂದು ಪಂಗಡ. ಆ ಧ್ವನಿಮುದ್ರಣವನ್ನು ಮುಂದೆ ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ಪೆರ್ಲ, ಬದಿಯಡ್ಕದ ಚಾವಡಿಗಳಲ್ಲಿ ಟೇಪು ಹಿಡಿದು ಕುಳಿತವರೂ ಅದೇ ಕುಲದವರು ಎಂದು ಕೇಳಿ ನಮಗೆ ತುಂಬ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ತಪ್ಪಿನ ಬೀಜವೂ ಇತ್ತು.

ನನ್ನಲ್ಲಿ ಕರ್ಣಭೇದನದ ಒಂದು ಟೇಪು ಇತ್ತು. ಪೆರ್ಲದ ಕಡೆಯ ನನ್ನ ಸೋದರಮಾವ ತಾಳಮದ್ದಳೆಯೊಂದರಲ್ಲಿ ತುಂಬಿಸಿ ಕೊಟ್ಟದ್ದು. ಅದರಲ್ಲಿ ಹಾಡಿದವರೂ ಅರ್ಥ ಹೇಳಿದವರೂ ಊರಿನ ಹವ್ಯಾಸಿಗಳು. ಮೊದಲ ಬದಿಯಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ಹೇಳುವ ತನಕ; ಎರಡನೆಯ ಬದಿಯಲ್ಲಿ ಕರ್ಣನ ಉತ್ತರ. ಹೆತ್ತವಳು ಬೇರೆ, ಸಾಕಿದವಳು ಬೇರೆ. ಕರೆದಾಗ ಯಾರ ಕಡೆ ಹೋಗುವುದು ಎಂಬ ಆ ಮಾತು, ಒಂದು ರಾಜ್ಯದಲ್ಲಿ ಇದ್ದು ಇನ್ನೊಂದರ ಭಾಷೆ ಆಡುವ ನಮ್ಮಂಥವರಿಗೆ ಎಷ್ಟು ತಾಗುತ್ತದೆಂದು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಆ ಟೇಪಿನಲ್ಲಿ ಒಂದು ವಿಶೇಷವಿತ್ತು. ಮೊದಲ ಬದಿಯ ಕೊನೆಗೆ ಬರುತ್ತಾ ಭಾಗವತರ ಶ್ರುತಿ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಬದಿ ತಿರುಗಿಸಿ ಕರ್ಣನ ದುಃಖದ ಪದ ಹಾಕಿದರೆ ತಟ್ಟನೆ ಇಳಿದಿರುತ್ತದೆ. ಇದನ್ನು ನಾವು ಎಷ್ಟು ಮೆಚ್ಚಿದೆವೆಂದರೆ, ‘ಭಾವಕ್ಕೆ ತಕ್ಕ ಶ್ರುತಿ’ ಎಂದು ಒಂದು ಸಿದ್ಧಾಂತವನ್ನೇ ಕಟ್ಟಿದೆವು. ಬೇರೆ ಯಾವ ಕರ್ಣಭೇದನದ ಟೇಪು ಬಂದರೂ ಇದಕ್ಕೆ ಹೋಲಿಸಿ ಸೋಲಿಸಿದೆವು.

1993ರಲ್ಲಿ ನಾವೇ ಹಣ ಹಾಕಿ ಕೊರ್ತಾಲಿಮಿನಲ್ಲಿ ಒಂದು ಸಣ್ಣ ಕೂಟ ಮಾಡಿಸಿದೆವು. ಊರಿನಿಂದ ಒಬ್ಬರು ಎಳೆಯ ಭಾಗವತರನ್ನು ಕರೆಸಿದ್ದೆವು. ಪ್ರಸಂಗ ಕರ್ಣಭೇದನವೇ. ಚೆನ್ನಾಗಿಯೇ ಹಾಡಿದರು. ಮುಗಿದ ಮೇಲೆ ಎಲೆಯ ಮುಂದೆ ಕುಳಿತಿದ್ದಾಗ, ಎಲ್ಲರೂ ಕೇಳುವಂತೆ ನಾನು ಹೇಳಿದೆ: “ಪದ ಒಳ್ಳೆಯದಾಯಿತು. ಆದರೆ ಕರ್ಣನ ದುಃಖಕ್ಕೆ ಶ್ರುತಿ ಇಳಿಸಬೇಕಿತ್ತು. ನಮ್ಮ ಟೇಪಿನಲ್ಲಿ ಕೇಳಬೇಕು ನೀವು.” ಅವರು ಕೈ ತಡೆದು ಕೇಳಿದರು: “ಇಳಿಸುವುದು ಹೇಗೆ ಅಣ್ಣ? ಮದ್ದಳೆಯನ್ನು ಆ ಶ್ರುತಿಗೆ ಕೂಡಿಸಿ ಆಗಿದೆ. ನಾನೊಬ್ಬ ಇಳಿದರೆ ಅದು ಕೆಳಗೆ ಬರುತ್ತದಾ?” ನಾವೆಲ್ಲ ನಕ್ಕೆವು. ಹಿರಿಯರಿಂದ ಸಾಧ್ಯವಾದದ್ದು ಈಗಿನವರಿಗೆ ಆಗುವುದಿಲ್ಲ ಎಂಬ ಅರ್ಥದ ನಗು. ಅವರು ತಲೆ ತಗ್ಗಿಸಿ ಊಟ ಮುಗಿಸಿದರು. ಮರುವರ್ಷ ಕರೆದಾಗ ಪುರುಸೊತ್ತಿಲ್ಲ ಎಂದರು. ಅದರ ಮರುವರ್ಷವೂ ಅದೇ.

2011ರಲ್ಲಿ ಮಗ ನನ್ನ ಕ್ಯಾಸೆಟುಗಳನ್ನು ಕಂಪ್ಯೂಟರಿಗೆ ಹಾಕಿಕೊಡುತ್ತಿದ್ದ. ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೇಳುವಾಗ, ಮೊದಲ ಬದಿಯುದ್ದಕ್ಕೂ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸಿತು. ಎರಡನೆಯ ಬದಿಯಲ್ಲಿ ಮಳೆ ಇಲ್ಲ. ದೂರದಲ್ಲೆಲ್ಲೋ ಸುಡುಮದ್ದಿನ ಸದ್ದು. ಇಷ್ಟು ವರ್ಷ ಪದವನ್ನು ಕೇಳಿದ್ದೆವೇ ಹೊರತು ಪದದ ಹಿಂದಿನದನ್ನು ಕೇಳಿರಲಿಲ್ಲ. ಮಾವನಿಗೆ ಫೋನು ಮಾಡಿದೆ. ಅವರಿಗೆ ಆಗ ಎಂಬತ್ತು ದಾಟಿತ್ತು. “ಅದು ಎರಡು ಕೂಟ ಅಲ್ಲವಾ ಮಾರಾಯ” ಎಂದರು. “ಮೊದಲಿನದ್ದು ಮಳೆಗಾಲದ್ದು. ಕರೆಂಟು ಹೋಯಿತು, ಬ್ಯಾಟರಿಯಲ್ಲಿ ಹಾಕಿದೆ, ಅದೂ ಮುಗಿಯಿತು. ಮರುವರ್ಷ ಜಾತ್ರೆಗೆ ಅವರೇ ಸೇರಿದಾಗ ಉಳಿದ ಬದಿ ತುಂಬಿಸಿದೆ. ದುಡ್ಡು ಕೊಟ್ಟು ತಂದ ಕ್ಯಾಸೆಟು, ಖಾಲಿ ಬಿಡುವುದೆಂತಕ್ಕೆ?”

ಬ್ಯಾಟರಿ ಸೋಲುತ್ತಾ ಬಂದಾಗ ಯಂತ್ರದ ಚಕ್ರ ನಿಧಾನವಾಗಿ ತಿರುಗುತ್ತದೆ. ಹಾಗೆ ತುಂಬಿಸಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಧ್ವನಿ ಬೇಗವಾಗುತ್ತದೆ, ಶ್ರುತಿ ಏರಿದಂತೆ ಕೇಳುತ್ತದೆ. ನಾವು ಮೆಚ್ಚಿದ ಏರು ಶ್ರುತಿ ಸೋತ ಬ್ಯಾಟರಿಯದ್ದು. ದುಃಖಕ್ಕೆ ಇಳಿದ ಶ್ರುತಿ ಮರುವರ್ಷದ ಕರೆಂಟಿನದ್ದು. ಯಾವ ಭಾಗವತರೂ ಯಾವ ರಾತ್ರಿಯೂ ಹಾಡದೆ ಇದ್ದ ಒಂದು ಹಾಡಿಕೆಯನ್ನು ಮಾನದಂಡ ಮಾಡಿ, ಜೀವಂತ ಕಲಾವಿದನೊಬ್ಬನನ್ನು ಎಲೆಯ ಮುಂದೆ ಅವಮಾನಿಸಿದ್ದೆವು.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಡೀಪ್ ಪರ್ಪಲ್ ತಂಡದ ‘ಮೇಡ್ ಇನ್ ಜಪಾನ್’ ಎಂಬ ಪ್ರಸಿದ್ಧ ಕಛೇರಿ ತಟ್ಟೆ, 1972ರ ಆಗಸ್ಟಿನಲ್ಲಿ ಒಸಾಕಾದ ಎರಡು ರಾತ್ರಿ, ಟೋಕಿಯೋದ ಒಂದು ರಾತ್ರಿಗಳಿಂದ ಆಯ್ದು ಜೋಡಿಸಿದ್ದು. ಬಾಬ್ ಡಿಲನ್ನನ 1966ರ ಒಂದು ಕಛೇರಿಯ ಟೇಪು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದ್ದೆಂಬ ಹೆಸರಿನಲ್ಲಿ ವರ್ಷಗಟ್ಟಲೆ ಕೈಯಿಂದ ಕೈಗೆ ಹೋಯಿತು. ನಿಜವಾಗಿ ಅದು ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ನಡೆದದ್ದು. 1998ರಲ್ಲಿ ಅಧಿಕೃತವಾಗಿ ಹೊರಬಂದಾಗಲೂ, ಜನರ ಬಾಯಲ್ಲಿ ಉಳಿದ ಆ ತಪ್ಪು ಹೆಸರನ್ನೇ ಉದ್ಧರಣ ಚಿಹ್ನೆಯೊಳಗೆ ಇಟ್ಟರು. ಆದರೆ ಅಲ್ಲಿ ಯಾವುದು ಯಾವ ರಾತ್ರಿ ಎಂಬುದು ಕೊನೆಗಾದರೂ ದಾಖಲೆಗೆ ಬಂತು. ನಮ್ಮಲ್ಲಿ ಕ್ಯಾಸೆಟಿನ ಮೇಲೆ ‘ಕರ್ಣಭೇದನ, ಒಳ್ಳೆಯದು’ ಎಂದಷ್ಟೇ ಇರುತ್ತಿತ್ತು.

ಹಾಗಾದರೆ ಹೋಲಿಕೆ ಏಕೆ? ‘ಯಾವುದು ಶ್ರೇಷ್ಠ’ ಎಂದು ತೀರ್ಮಾನಿಸಿ ಉಳಿದದ್ದನ್ನು ಬದಿಗಿಡುವುದಕ್ಕೆ ಅಲ್ಲ ಎಂದು ಈಗ ನನಗೆ ಅನಿಸುತ್ತದೆ. ಶ್ರೇಷ್ಠವನ್ನು ಆರಿಸಿದ ಕೂಡಲೇ ಅದು ಪಾಠವಾಗುತ್ತದೆ. ಪಾಠವಾದ ಕೂಡಲೇ ಮುಂದಿನವನು ಅದನ್ನು ಒಪ್ಪಿಸಬೇಕಾಗುತ್ತದೆ. ಎದುರಾಳಿಯ ಮಾತಿನಿಂದ ಹುಟ್ಟುವ ಅರ್ಥ, ಆ ದಿನದ ಅರ್ಥಧಾರಿಯನ್ನು ನೋಡಿ ಎತ್ತುವ ಪದ, ಇವುಗಳ ಕಲೆಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಗಡಿಯಾಚೆಯ ಕಥಕಳಿಯ ಗೆಳೆಯರಿಗೂ ಇದು ಗೊತ್ತಿರುವ ಸಂಕಟವೇ. ಕಲಾಮಂಡಲಂ ಹೈದರಾಲಿಯವರು 2006ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರ ನಳಚರಿತದ ಪದಗಳ ಮುದ್ರಣಗಳನ್ನು ಕೇಳುತ್ತಾ, ಈಗ ಹಾಡುವವರನ್ನು ಅವುಗಳಿಂದ ಅಳೆಯುವವರು ಅಲ್ಲೂ ಇದ್ದಾರೆ. ತೀರಿಕೊಂಡವರ ಮೇಲಿನ ಪ್ರೀತಿ ಇರುವವರ ಮೇಲೆ ಸಿಟ್ಟಾಗಬಾರದು.

ಎರಡು ಟೇಪುಗಳ ನಡುವಿನ ವ್ಯತ್ಯಾಸವನ್ನು ಕೇಳುವುದೇ ನಿಜವಾದ ಹೋಲಿಕೆ. ಈ ರಾತ್ರಿ ಏಕೆ ಹೀಗಾಯಿತು, ಎದುರು ಯಾರಿದ್ದರು, ಸಭೆ ಎಂತಹದು, ಮಳೆ ಇತ್ತೇ? ಅದಕ್ಕೆ ಊರು, ದಿನ, ಹಿಮ್ಮೇಳ, ಮುಮ್ಮೇಳದವರ ಹೆಸರು ಬೇಕು. ಈಗ ಮೊಬೈಲಿನಲ್ಲಿ, ಯೂಟ್ಯೂಬಿನಲ್ಲಿ ಆಟಗಳು ರಾಶಿ ಬಿದ್ದಿವೆ. ಹಳೆಯ ಕ್ಯಾಸೆಟುಗಳನ್ನೂ ಏರಿಸುತ್ತಿದ್ದಾರೆ, ಒಳ್ಳೆಯ ಕೆಲಸ. ಆದರೆ ಎಷ್ಟೋ ಕಡೆ ಮಳೆ, ಕೆಮ್ಮು, ಸಭೆಯ ಗದ್ದಲಗಳನ್ನು ತೊಳೆದು, ಪದಗಳನ್ನು ಮಾತ್ರ ಕತ್ತರಿಸಿ, ದಿನಾಂಕವಿಲ್ಲದೆ ಹಾಕುತ್ತಾರೆ. ನನ್ನ ಟೇಪಿನ ಮಳೆಯನ್ನು ಯಾರಾದರೂ ಹೀಗೆ ತೊಳೆದಿದ್ದರೆ ನನ್ನ ತಪ್ಪು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ನಮ್ಮ ಮನೆಗಳ ಮಟ್ಟಿಗೆ ಇದರಲ್ಲಿ ಇನ್ನೂ ಒಂದು ಮಾತಿದೆ. ಮಕ್ಕಳು ಶಾಲೆಯಲ್ಲಿ ಕಲಿಯುವ ಭಾಷೆ ಬೇರೆ, ಕೆಲಸಕ್ಕೆ ಹೋದಲ್ಲಿ ಆಡುವ ಭಾಷೆ ಬೇರೆ. ಅಡುಗೆಮನೆಯಲ್ಲಿ ಕೇಳದ ಕನ್ನಡವನ್ನು, ವಾದದ, ವ್ಯಂಗ್ಯದ, ಧರ್ಮಸೂಕ್ಷ್ಮದ ಕನ್ನಡವನ್ನು, ನನ್ನ ಮಗ ಕೇಳಿದ್ದು ಕೊರ್ತಾಲಿಮಿನ ಆ ಕೋಣೆಯ ಟೇಪುಗಳಲ್ಲಿ. ಅದೊಂದು ಸಣ್ಣ ಶಾಲೆ. ಆ ಶಾಲೆಯ ಪುಸ್ತಕಗಳು ಅಟ್ಟದ ಮೇಲೆ ಬೂಸಲು ಹಿಡಿಯುತ್ತಿವೆ. ತುಂಬಿಸಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬಲಿಪ ಭಾಗವತರೂ 2023ರಲ್ಲಿ ಹೋದರು. ನಿಮ್ಮ ಮನೆಯಲ್ಲಿ ಅಂತಹ ಪೆಟ್ಟಿಗೆ ಇದ್ದರೆ, ತುಂಬಿಸಿದವರು ಇರುವಾಗಲೇ ಅವರ ಪಕ್ಕ ಕುಳಿತು ಒಂದೊಂದರ ಮೇಲೂ ಬರೆಯಿಸಿಕೊಳ್ಳಿ: ಎಲ್ಲಿ, ಯಾವಾಗ, ಯಾರು, ಎಷ್ಟು ಕೂಟ.

ಆ ಭಾಗವತರನ್ನು ನಾನು ಮೊನ್ನೆ ಮೊನ್ನೆ ಊರಿನ ಆಟವೊಂದರ ಚೌಕಿಯಲ್ಲಿ ಕಂಡೆ. ತಲೆ ನರೆತಿದೆ. ಎಲ್ಲವನ್ನೂ ಹೇಳಿ ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಅಂದರೆ ನಾನು ಬ್ಯಾಟರಿಯ ಹಾಗೆ ಹಾಡಲಿಲ್ಲ ಅಂತ ಬೈದದ್ದಾ ನೀವು?” ಎಂದು ಜೋರಾಗಿ ನಕ್ಕರು. ಆಮೇಲೆ, ಕೂತು ಕೇಳಿ ಹೋಗಿ ಎಂದರು. ಬೆಳಗಿನ ತನಕ ಕೂತೆ. ಜೇಬಿನಲ್ಲಿ ಮೊಬೈಲು ಇತ್ತು, ತೆಗೆಯಲಿಲ್ಲ.