ಪರದೆಯ ಮಂತ್ರವಾದಿ, ಊರಿನ ಅಜಲು

ಹೆದರಿಸುವ ಸಿನಿಮಾ ಅಂದರೆ ನಮ್ಮ ವಿಚಾರವಂತ ಗೆಳೆಯರು ಮೂಗು ಮುರಿಯುತ್ತಾರೆ. ಅದು ಮೂಢನಂಬಿಕೆ, ಅದರ ಬಗ್ಗೆ ಬರೆಯುವುದೇ ಕಾಗದಕ್ಕೆ ದಂಡ ಅನ್ನುತ್ತಾರೆ. ನಾವು ಹಾಗೆ ತಿಳಿದಿಲ್ಲ. ದಿನವಿಡೀ ದುಡಿದ ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಹೋಗುತ್ತಾರೆಂದರೆ ಆ ಹೆದರಿಕೆಯಲ್ಲಿ ಏನೋ ಇದೆ. ಯಾರನ್ನು ಕಂಡು ಹೆದರಬೇಕು, ಹೆದರಿದಾಗ ಯಾರ ಕಾಲು ಹಿಡಿಯಬೇಕು ಎಂಬ ಎರಡು ಪಾಠಗಳನ್ನು ಇಂಥ ಸಿನಿಮಾ ಸದ್ದಿಲ್ಲದೆ ಕಲಿಸುತ್ತದೆ. ಆ ಪಾಠಗಳನ್ನು ಪರೀಕ್ಷೆ ಮಾಡುವುದು ನಮ್ಮ ಕೆಲಸ.

ಕಡಿಮೆ ಖರ್ಚಿನಲ್ಲಿ ಹೆದರಿಸುವ ಕಲೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಯಲುಗಳಿಗೆ ಹೊಸತಲ್ಲ. ನಡುರಾತ್ರಿಯ ಆಟದಲ್ಲಿ ಬಣ್ಣದ ವೇಷ ದೊಂದಿ ಬೆಳಕಿನಲ್ಲಿ ಬೊಬ್ಬೆ ಹೊಡೆಯುತ್ತಾ ಬರುವಾಗ, ರಾಳದ ಪುಡಿ ಭಗ್ಗನೆ ಉರಿದಾಗ, ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಮುಚ್ಚುತ್ತಿದ್ದವು. ಒಂದು ಹಿಡಿ ರಾಳ, ಒಂದು ಚೆಂಡೆ, ಅಷ್ಟೇ ಬಂಡವಾಳ. ಆದರೆ ನೆನಪಿರಲಿ: ಹೆದರಿಸಿದವನು ಯಜ್ಞ ಕೆಡಿಸುವ ರಕ್ಕಸ, ಕಾಡಿನವನು. ಬೆಳಗಾಗುವುದರೊಳಗೆ ಅವನು ಸಾಯಲೇಬೇಕು.

ಪಶ್ಚಿಮದವರ ಸೈತಾನ ಪಂಥದ ಸಿನಿಮಾಗಳಲ್ಲಿ ಈ ಲೆಕ್ಕ ಎಷ್ಟೋ ಸಲ ತಿರುಗುಮುರುಗಾಗಿದೆ. 1968ರ 'ರೋಸ್‌ಮರೀಸ್ ಬೇಬಿ'ಯಲ್ಲಿ ಸೈತಾನನನ್ನು ಪೂಜಿಸುವವರು ಪಕ್ಕದ ಮನೆಯ ಮರ್ಯಾದಸ್ಥ ಮುದುಕರು. ಟೈ ವೆಸ್ಟ್ 2009ರಲ್ಲಿ ಸಣ್ಣ ಖರ್ಚಿನಲ್ಲಿ 'ದಿ ಹೌಸ್ ಆಫ್ ದಿ ಡೆವಿಲ್' ಮಾಡಿದಾಗ, 1980ರ ದಶಕದ ಚಿತ್ರದಂತೆಯೇ ಕಾಣಲೆಂದು 16 ಎಂ.ಎಂ. ಫಿಲ್ಮಿನಲ್ಲಿ ತೆಗೆದ. ಬಾಡಿಗೆ ಕಟ್ಟಲು ದುಡ್ಡಿಲ್ಲದ ವಿದ್ಯಾರ್ಥಿನಿ ಒಂದು ರಾತ್ರಿಯ ಕೂಲಿಗಾಗಿ ದೊಡ್ಡ ಮನೆಗೆ ಹೋಗುತ್ತಾಳೆ. ಆ ಮನೆಯೇ ಅವಳನ್ನು ನುಂಗುತ್ತದೆ. ಅದೇ ದಶಕದಲ್ಲಿ ಅಮೆರಿಕಾದವರು ಈ ಹೆದರಿಕೆಯನ್ನು ನಿಜವೆಂದೇ ನಂಬಿ ಮುಗ್ಧರನ್ನು ಕಟಕಟೆಗೆ ಎಳೆದದ್ದೂ ಉಂಟು. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೊಕದ್ದಮೆ ವರ್ಷಗಟ್ಟಲೆ ನಡೆದು, 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಸುಳ್ಳು ಹೆದರಿಕೆ ಎಷ್ಟು ಮನೆ ಹಾಳುಮಾಡಬಲ್ಲದು ಎಂಬುದಕ್ಕೆ ಇದು ಸಾಕು.

ಕನ್ನಡದಲ್ಲಿ ಏನಾಯಿತು? 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಹೆಣ್ಣಿನ ಪ್ರೇತ ಗಂಡಸಿನ ಮೈಮೇಲೆ ಬಂತು. ಅನಂತನಾಗ್ ಅಭಿನಯ ನಮಗೂ ಮೈ ಜುಮ್ಮೆನ್ನಿಸಿತು. ಆದರೆ ಬಿಡುಗಡೆ ಸಿಕ್ಕಿದ್ದು ಮಂತ್ರಾಲಯದ ಕೃಪೆಯಿಂದ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ 1985ರಲ್ಲಿ ಬಂದ 'ತುಳಸೀದಳ'ದಲ್ಲಿ ಆಸ್ತಿಗಾಗಿ ಮಗುವಿನ ಮೇಲೆ ಕಾಷ್ಮೋರ ಪ್ರಯೋಗವಾಯಿತು. ಹೆದರಿಕೆಯ ಬೇರು ಆಸ್ತಿಯಲ್ಲಿದೆ ಎಂದು ತೋರಿಸಿದ್ದು ಅದರ ಹೆಚ್ಚುಗಾರಿಕೆ. ಆಮೇಲೆ ಬಂದ ಅಗ್ಗದ ಚಿತ್ರಗಳು ಬೇರನ್ನು ಬಿಟ್ಟು ಬೂದಿಯನ್ನು ಮಾತ್ರ ಹಿಡಿದವು. ಮಸಣ, ತಲೆಬುರುಡೆ, ಕೋಳಿಯ ರಕ್ತ, ಕಪ್ಪು ಮೈಯ ಮಂತ್ರವಾದಿ. ದೊಡ್ಡ ಮನೆ ಯಾವಾಗಲೂ ಪಾಪದ್ದು, ಕೇಡು ಯಾವಾಗಲೂ ಊರ ಹೊರಗಿನದು. ಇದು ಯಾರು ಬರೆದ ಲೆಕ್ಕ?

ನಮ್ಮ ಜಿಲ್ಲೆಯ ನಿಜವಾದ ಮಾಟದ ಕತೆ ಹೇಳುತ್ತೇವೆ, ಕೇಳಿ. ಮೇಲಿನ ಮನೆಯ ಗರ್ಭಿಣಿಗೆ, ಮಗುವಿಗೆ ದೋಷ ತಗಲಬಾರದೆಂದು ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ತಮ್ಮ ಮನೆಯ ಕೇಡನ್ನು ಇನ್ನೊಬ್ಬ ಮನುಷ್ಯನ ಹೊಟ್ಟೆಗೆ ದಾಟಿಸುವ ಈ ಪ್ರಯೋಗಕ್ಕೆ 'ಅಜಲು' ಎಂದು ಹೆಸರು. ಕಂಬಳಕ್ಕೆ ಮೊದಲು ಅವರನ್ನೇ ಕೋಣಗಳಂತೆ ಓಡಿಸುತ್ತಿದ್ದರು. ಇದನ್ನು ನಡೆಸಿದವರು ಮಸಣದ ಮಂತ್ರವಾದಿಗಳಲ್ಲ, ನಾಲ್ಕು ಜನರೆದುರು ಮರ್ಯಾದೆಯಿಂದ ಕೂರುವವರು. ಇದನ್ನು ಅಪರಾಧವೆಂದು ಬರೆಯಲು ಸರ್ಕಾರಕ್ಕೆ 2000ದ ಅಜಲು ನಿಷೇಧ ಕಾಯಿದೆಯವರೆಗೆ ಕಾಲ ಬೇಕಾಯಿತು. ವಾಮಾಚಾರದ ವಿರುದ್ಧದ 2017ರ ಕಾಯಿದೆ ಜಾರಿಗೆ ಬಂದದ್ದು 2020ರಲ್ಲಿ. ಸೈತಾನ ಪಂಥ ಬೇಕೆಂದು ಅಮೆರಿಕಾದವರು ಕಲ್ಪಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಕಲ್ಪನೆಯ ಅಗತ್ಯವೇ ಇರಲಿಲ್ಲ. ಆದರೂ ಇದನ್ನು ಕೇಂದ್ರದಲ್ಲಿಟ್ಟ ಒಂದು ಭಯಾನಕ ಚಿತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಕುಂದಾಪುರದ ಕೆರಾಡಿಯ ರಿಷಬ್ ಶೆಟ್ಟಿಯವರ 'ಕಾಂತಾರ' (2022) ಧಣಿಯ ಅಂಗಳದ ಮೈಲಿಗೆಯನ್ನು ತೋರಿಸಿತು. ಕೇಡು ದೊಡ್ಡ ಮನೆಯಲ್ಲಿದೆ ಎಂದು ನೇರವಾಗಿ ಹೇಳಿತು. ಒಪ್ಪುತ್ತೇವೆ. ಆದರೆ ಭೂಮಿಯ ಪ್ರಶ್ನೆಯನ್ನು ಕೊನೆಗೆ ದೈವದ ಕೈಗೆ ಕೊಟ್ಟು ಕೈತೊಳೆದುಕೊಂಡಿತು. ದೈವ ಕೈ ಕೈ ಕೂಡಿಸಿದ ಮಾತ್ರಕ್ಕೆ ಹಕ್ಕುಪತ್ರ ಬರುತ್ತದೆಯೇ?

2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಸಣ್ಣ ಚಿತ್ರ, ಆದರೆ ಬೇರೆ ದಾರಿ ಹಿಡಿದ ಚಿತ್ರ. ಹೆಸರಿನ ಅರ್ಥ ಸೋಮೇಶ್ವರದ ಸುಲೋಚನ. ಸೋಮೇಶ್ವರ ಅಂದಾಕ್ಷಣ ಬೈಂದೂರಿನವರಿಗೆ ತಮ್ಮೂರ ಕಡಲದಂಡೆ ನೆನಪಾದರೆ ತಪ್ಪಿಲ್ಲ. ತನ್ನ ತಪ್ಪು ಮುಚ್ಚಿಕೊಳ್ಳಲು ಅಶೋಕ ಎಂಬ ಹುಡುಗ ಮೈಮೇಲೆ ಪ್ರೇತ ಬಂದಂತೆ ನಟಿಸುತ್ತಾನೆ, ಊರೇ ನಂಬುತ್ತದೆ. ಬಿಡಿಸಲು ಬಂದ ಗುರೂಜಿ ನಗೆಪಾಟಲಾಗುತ್ತಾರೆ. ಸತ್ತವಳ ಹೆಸರು ಹಿಡಿದು ಹೊರಟ ಕತೆ ಬದುಕಿರುವ ಅವಳ ಮಗಳ ಕಷ್ಟಕ್ಕೆ ಬಂದು ನಿಲ್ಲುತ್ತದೆ. ಸತ್ತ ಹೆಣ್ಣಿಗೆ ಹೆದರುವ ಊರು ಬದುಕಿರುವ ಹೆಣ್ಣನ್ನು ಕಣ್ಣೆತ್ತಿ ನೋಡುವುದಿಲ್ಲ ಎಂಬ ಮಾತನ್ನು ನಗಿಸುತ್ತಲೇ ಹೇಳಿದ್ದಾರೆ. ನಮ್ಮ ಪಕ್ಕ ಕೂತ ಅಜ್ಜಿಯೊಬ್ಬರು ಮೊಮ್ಮಗನಿಗೆ, "ಎಂತಕ್ ಹೆದರ್ತೆ ಮಗಾ, ಅದ್ ಬರೀ ನಾಟ್ಕ ಅಲ್ದಾ" ಅಂದರು. ಇಡೀ ಚಿತ್ರದ ವಿಮರ್ಶೆ ಅದರಲ್ಲೇ ಇದೆ. ನಮ್ಮ ತಕರಾರು ಒಂದೇ: ಇಷ್ಟು ಜನರ ಊರಿನಲ್ಲಿ ಕೇರಿ ಎಲ್ಲಿ? ಎಲ್ಲರೂ ಒಂದೇ ಅಂಗಳದಲ್ಲಿ ಕೂತು ಹೆದರುವಷ್ಟು ಸಮಾನತೆ ನಮ್ಮ ಊರುಗಳಿಗೆ ಯಾವಾಗ ಬಂತು?

ಇಂಥ ಸಿನಿಮಾಗಳಲ್ಲಿ ಅರ್ಧ ಹೆದರಿಕೆ ಕಿವಿಯಿಂದ ಬರುತ್ತದೆ. ದುಡ್ಡಿಲ್ಲದ ನಿರ್ದೇಶಕನಿಗೆ ಕತ್ತಲು ಮತ್ತು ಡೋಲು ಸಾಕು. ಆ ಡೋಲು ಯಾರದ್ದು? ಕಂಬಳಕ್ಕೆ, ಜಾತ್ರೆಗೆ ಕೊರಗರು ಬಿಟ್ಟಿಯಾಗಿ ಬಾರಿಸಿದ್ದು. ಅದೇ ಜನ 2021ರ ಡಿಸೆಂಬರ್‌ನಲ್ಲಿ ಬ್ರಹ್ಮಾವರ ತಾಲೂಕಿನ ಕೋಟತಟ್ಟಿನ ಕಾಲೊನಿಯಲ್ಲಿ ತಮ್ಮದೇ ಮದುವೆಯ ಮೆಹಂದಿಗೆ ಹಾಡು ಹಾಕಿದಾಗ ಪೊಲೀಸರ ಲಾಠಿ ಬೀಸಿತು. ಪರರ ಹಬ್ಬಕ್ಕೆ ಅವರ ಸದ್ದು ಶುಭ, ಅವರ ಹಬ್ಬಕ್ಕೆ ಅದು ಗಲಾಟೆ. ಇದಕ್ಕಿಂತ ಭಯಾನಕ ದೃಶ್ಯವನ್ನು ಯಾವ ನಿರ್ದೇಶಕ ಬರೆದಾನು?

ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮದೊಂದು ಮನವಿ. ಮಕ್ಕಳಿಗೆ ಇಂಥ ಸಿನಿಮಾ ನೋಡಬೇಡಿ ಅನ್ನಬೇಡಿ. ನೋಡಿ ಬಂದ ಮೇಲೆ ಮೂರು ಪ್ರಶ್ನೆ ಕೇಳಿ. ಕೇಡು ಯಾರ ಮನೆಯಲ್ಲಿತ್ತು? ಮಂತ್ರವಾದಿಯ ಮೈಬಣ್ಣ ಯಾವುದು, ಮನೆ ಎಲ್ಲಿ? ಕಾಪಾಡಿದವರು ಯಾರು? ಉತ್ತರಗಳನ್ನು ಬೋರ್ಡಿನ ಮೇಲೆ ಬರೆಸಿ, ಪಕ್ಕದಲ್ಲಿ ಅಜಲು ಎಂಬ ಮಾತನ್ನೂ ಬರೆಯಿರಿ. ಯಾರಿಗೆ ಹೆದರಬೇಕಾಗಿತ್ತು ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.